ಡ್ರೈವರ್ ಅಣ್ಣನ ಸಕ್ಕರೆ ಕಾಯಿಲೆ

ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ನಾನು ಹನ್ನೊಂದು ವರ್ಷ ಓಡಾಡಿದ್ದು ಒಂದೇ ದಾರಿಯಲ್ಲಿ. ಬೆಳಿಗ್ಗೆ ಇಂಡಿಯಿಂದ ಹೊರಟು ಸಿಂದಗಿ, ದೇವರಹಿಪ್ಪರಗಿ, ಬಸವನ ಬಾಗೇವಾಡಿ ಹಾದು ಮುದ್ದೇಬಿಹಾಳ ಮುಟ್ಟುವುದು, ಅಲ್ಲಿ ಬುತ್ತಿ ಬಿಚ್ಚಿ ಉಂಡು ಅದೇ ದಾರಿಯಲ್ಲಿ ವಾಪಸ್ ಬರುವುದು. ಕೊನೆಯ ಆರು ವರ್ಷ ಡ್ರೈವರ್ ಕೂಡ ಒಬ್ಬರೇ. ಲಚ್ಯಾಣದ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನನ್ನನ್ನು ತಂಗಿ ಅನ್ನುತ್ತಿದ್ದರು, ನಾನು ಅಣ್ಣಾರ ಅನ್ನುತ್ತಿದ್ದೆ. ಮನುಷ್ಯರ ಜೊತೆ ಮಾತು ಕಡಿಮೆ. ಬಸ್ಸಿನ ಜೊತೆ ಆಗಾಗ ಮಾತಾಡುತ್ತಿದ್ದರು, ಅದೂ ಗೇರು ಬೀಳದಿದ್ದಾಗ ಮಾತ್ರ. ಅವರಿಗೆ ಒಂದೇ ಒಂದು ಹೆಮ್ಮೆ ಇತ್ತು: ಅವರ ಬಸ್ಸು ಎಂದೂ ತಡವಾಗುತ್ತಿರಲಿಲ್ಲ. ದಾರಿಯ ಹಳ್ಳಿಗಳಲ್ಲಿ ಹೊಲಕ್ಕೆ ಹೋಗುವವರು ನಮ್ಮ ಬಸ್ಸು ಹಾದಿದ್ದು ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು.

ನನ್ನ ರೋಗ ಮೊದಲು ಬೆರಳಿಗೆ ಬಂತು. ಚಳಿಗಾಲದ ಮುಂಜಾನೆ ಟಿಕೆಟ್ ಮಷಿನ್ ಹಿಡಿದರೆ ಬೆರಳ ತುದಿ ಸೀಮೆಸುಣ್ಣದಷ್ಟು ಬೆಳ್ಳಗಾಗುತ್ತಿತ್ತು, ಆಮೇಲೆ ನೇರಳೆ, ಆಮೇಲೆ ಕೆಂಪು. "ಯಕ್ಕಾ, ಬೆರಳಿಗೆ ಬಣ್ಣ ಹಚ್ಚಿಕೊಂಡೀರೇನ್ರಿ?" ಎಂದು ಒಬ್ಬ ಮುದುಕ ನಿಜವಾಗಿಯೇ ಕೇಳಿದ್ದ. ಮರುವರ್ಷ ಕೈಯ ಚರ್ಮ ಬಿಗಿಯತೊಡಗಿತು. ಮದುವೆಯ ಉಂಗುರವನ್ನು ಅಕ್ಕಸಾಲಿಗರ ಹತ್ತಿರ ಕತ್ತರಿಸಿ ತೆಗೆಸಬೇಕಾಯಿತು. ಬಾಯಿ ಸಣ್ಣದಾಯಿತು, ರೊಟ್ಟಿಯ ಸುರುಳಿ ಒಳಗೆ ಹೋಗದಷ್ಟು. ವಿಜಯಪುರದ ಡಾಕ್ಟರೊಬ್ಬರು ರಕ್ತ ತಪಾಸಣೆ ಮಾಡಿಸಿ, ಇದಕ್ಕೆ ಸಿಸ್ಟಮಿಕ್ ಸ್ಕ್ಲೀರೋಸಿಸ್ ಅನ್ನುತ್ತಾರೆ, ಚರ್ಮವಷ್ಟೇ ಅಲ್ಲ ಒಳಗಿನ ಅಂಗಗಳೂ ಬಿರುಸಾಗುತ್ತವೆ, ಪೂರ್ತಿ ಗುಣವಾಗುವುದಿಲ್ಲ, ಹಿಡಿತದಲ್ಲಿ ಇಡಬಹುದು ಎಂದರು.

ಒಳ್ಳೆಯ ಡಾಕ್ಟರು. ಪ್ರತಿ ಸಲ ಹೋದಾಗಲೂ ಬೆರಳು ಹೇಗಿದೆ, ದಮ್ಮು ಹತ್ತುತ್ತದೆಯೇ, ನುಂಗುವುದು ಕಷ್ಟವೇ, ಎದೆ ಉರಿಯುತ್ತದೆಯೇ ಎಂದು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಕೇಳುತ್ತಿದ್ದರು. ಹೊಟ್ಟೆಯವರೆಗೆ ಬಂದು ಚೀಟಿ ಬರೆಯಲು ಶುರು ಮಾಡುತ್ತಿದ್ದರು. ಅದರ ಕೆಳಗಿನದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇಬ್ಬರೂ ಮರ್ಯಾದಸ್ಥರು.

ಕೆಳಗಿನ ಸಂಗತಿ ಹೀಗಿತ್ತು. ಮೂರು ನಾಲ್ಕು ದಿನ ಹೊಟ್ಟೆ ಉಬ್ಬಿಕೊಂಡು ಏನೂ ಆಗುತ್ತಿರಲಿಲ್ಲ. ಆಮೇಲೆ ಒಂದು ದಿನ ಎಲ್ಲವೂ ಒಟ್ಟಿಗೆ, ನೀರಿನಂತೆ, ಹೇಳದೆ ಕೇಳದೆ. ಮೂತ್ರದ್ದು ಬೇರೆ ತಕರಾರು. ಬಂತು ಅನ್ನಿಸುವುದಕ್ಕೂ ಬಂದೇಬಿಡುವುದಕ್ಕೂ ನಡುವೆ ಒಂದು ಟಿಕೆಟ್ ಕೊಡುವಷ್ಟು ಹೊತ್ತು ಸಿಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಏನೂ ತಿನ್ನದೆ, ನೀರು ಕುಡಿಯದೆ ಡ್ಯೂಟಿಗೆ ಹೋಗತೊಡಗಿದೆ. ಆ ವರ್ಷ ರಂಜಾನ್ ತಿಂಗಳು ಬಂದಾಗ ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಆ ದಿನಗಳಲ್ಲಿ ನನ್ನ ದಾರಿಯ ಶೌಚಾಲಯಗಳೆಲ್ಲ ಬಾಯಿಪಾಠವಾದವು. ಎಲ್ಲಿ ಪ್ಲಾಟ್‌ಫಾರ್ಮಿನಿಂದ ಎಷ್ಟು ಹೆಜ್ಜೆ, ಎಲ್ಲಿ ಕೂತುಕೊಂಡರೆ ಏಳಲು ಹಿಡಿಕೆ ಇದೆ, ಎಲ್ಲಿ ಬಾಗಿಲ ಚಿಲಕ ನನ್ನ ಬಿರುಸು ಬೆರಳಿಗೆ ಬಗ್ಗುತ್ತದೆ. ಊರು ಊರುಗಳ ನಡುವೆ ಇರುವುದು ಹೊಲ. ನಮ್ಮ ಕಡೆ ಎರೆಭೂಮಿ ಬಯಲು, ಮರ ಕಡಿಮೆ. ತೊಗರಿ ಆಳೆತ್ತರ ಬೆಳೆದಾಗ ಒಳ್ಳೆಯ ಮರೆ. ತೊಗರಿ ಕೊಯ್ದ ಮೇಲೆ ಬಿಳಿಜೋಳದ ಮರೆ ಇನ್ನೊಂದಿಷ್ಟು ದಿನ. ಅದನ್ನೂ ಕಿತ್ತರೆ ಕಣ್ಣು ಹಾಯುವವರೆಗೆ ಕರಿ ನೆಲ, ಮೇಲೆ ಆಕಾಶ. ಬೆಳೆ ಹೇಗಿದೆ ಎಂದು ಕಿಟಕಿಯಿಂದ ಕತ್ತು ಚಾಚಿ ನಾನು ನೋಡುವುದನ್ನು ಕಂಡು ಒಬ್ಬ ರೈತ, "ನಿಮ್ಮದೂ ಹೊಲ ಐತೇನ್ರಿ ಬಾಯಾರ?" ಎಂದು ಕೇಳಿದ್ದ. ಇಲ್ಲ, ಸುಮ್ಮನೆ ನೋಡತೇನಿ ಎಂದೆ.

ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ನಮ್ಮ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುತ್ತಿರಲಿಲ್ಲ. ಅಂಥ ಒಂದು ದಿನ, ದೇವರಹಿಪ್ಪರಗಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ನಾನು ಹಿಂದಿನ ಬಾಗಿಲ ಹತ್ತಿರ, ಸುತ್ತ ಜನ. ಒಬ್ಬ ಹೆಂಗಸು ಆಧಾರ್ ಕಾರ್ಡು ಹುಡುಕುತ್ತಿದ್ದಳು. ಅವಳಿಗೆ ಅದು ಸಿಗುವ ಹೊತ್ತಿಗೆ ನನಗೆ ಆಗಿಹೋಗಿತ್ತು. ನಾನು ಟಿಕೆಟ್ ಕೊಟ್ಟೆ. ಮತ್ತೇನು ಮಾಡುವುದೆಂದು ತಿಳಿಯದೆ ಮುಂದಿನವರಿಗೂ ಕೊಟ್ಟೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಹೆಂಗಸು ತನ್ನ ಕೂಸಿನ ಚಡ್ಡಿ ಎಳೆದು ನೋಡಿ, "ಇಂವಾ ಅಲ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮುಂದಿನಿಂದ ಡ್ರೈವರ್ ಅಣ್ಣನ ದನಿ ಬಂತು: "ಕಿಟಕಿ ತಗೀರಿ ಎಲ್ಲಾರೂ. ಹೊರಗ ಯಾರೋ ತಿಪ್ಪಿಗೊಬ್ಬರ ಹಾಕ್ಯಾರ."

ಅಂದು ಅವರು ಬಾಗೇವಾಡಿಯವರೆಗೆ ಎಲ್ಲೂ ಬಸ್ ನಿಲ್ಲಿಸಲಿಲ್ಲ. ಕೈ ಮಾಡಿದವರನ್ನೆಲ್ಲ ಬಿಟ್ಟು ಬಂದರು. ಸ್ಟ್ಯಾಂಡಿನಲ್ಲಿ ಶೌಚಾಲಯ ನೋಡಿಕೊಳ್ಳುವ ಮುದುಕಿ ನನ್ನ ಮುಖ ಒಂದು ಸಲ, ಖಾಕಿ ಚೂಡಿದಾರ ಒಂದು ಸಲ ನೋಡಿ, ಏನೂ ಕೇಳದೆ ಒಂದು ಬಕೀಟು ನೀರು ಮತ್ತು ತನ್ನದೇ ಒಂದು ಹಳೆ ಸೀರೆ ತಂದುಕೊಟ್ಟಳು. ಮುದ್ದೇಬಿಹಾಳದವರೆಗೆ ನಾನು ಹಸಿರು ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು ಟಿಕೆಟ್ ಕೊಟ್ಟೆ. ಹೊಸ ಯೂನಿಫಾರ್ಮೇ ಎಂದು ಇಬ್ಬರು ಕೇಳಿದರು.

ಮನೆಗೆ ಬಂದು ಮನೆಯವರಿಗೆ ಹೇಳಿದೆ. ಇಂಡಿಯಲ್ಲಿ ಅವರದು ಗಾದಿ ಅಂಗಡಿ, ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವುದು ಅವರ ಮನೆತನದ ಉದ್ಯೋಗ. ಅವರು ಬಹಳ ಹೊತ್ತು ಸೂಜಿ ಪೋಣಿಸುತ್ತ ಕೂತು, "ಇದನ್ನ ಯಾರ ಮುಂದೂ ಹೇಳಬ್ಯಾಡ" ಎಂದರು. ಅಷ್ಟೇ ಅವರ ಸಲಹೆ. ನಾನು ಅದನ್ನು ಪಾಲಿಸಿದೆ. ಕಷ್ಟವೇನಾಗಲಿಲ್ಲ, ಮೊದಲೂ ಅದನ್ನೇ ಮಾಡುತ್ತಿದ್ದೆ.

ಮರುವಾರ ಬಾಗೇವಾಡಿ ಇನ್ನೂ ದೂರವಿದ್ದಾಗ ಡ್ರೈವರ್ ಅಣ್ಣ ತೊಗರಿ ಹೊಲವೊಂದರ ಪಕ್ಕ ಬಸ್ಸು ನಿಲ್ಲಿಸಿ, ಎದ್ದು ಜನರ ಕಡೆ ತಿರುಗಿ ನಿಂತರು. ಆರು ವರ್ಷದಲ್ಲಿ ಅವರು ಹಾಗೆ ತಿರುಗಿ ನಿಂತಿದ್ದನ್ನು ನಾನು ನೋಡಿರಲಿಲ್ಲ.

"ನನಗ ಸಕ್ರಿ ಬ್ಯಾನಿ ಆಗೈತ್ರಿ," ಎಂದರು. "ಮೂತ್ರ ತಡಕೊಳ್ಳಾಕ ಆಗಂಗಿಲ್ಲ. ಐದ ನಿಮಿಷ ಕುಂದರ್ರಿ." ಆಮೇಲೆ ನನ್ನ ಕಡೆ ನೋಡದೆ, "ತಂಗಿ, ನೀನೂ ಇಳದ ಕಾಲ ಸಡಲ ಮಾಡ್ಕೋ," ಎಂದು ರಸ್ತೆಯ ಎಡಕ್ಕೆ ಇಳಿದು ಹೋದರು. ನಾನು ಬಲಕ್ಕೆ ಹೋದೆ, ತೊಗರಿಯ ಒಳಗೆ. ವಾಪಸ್ ಬಂದಾಗ ಅವರು ಬಸ್ಸಿಗೆ ಬೆನ್ನು ಹಾಕಿ, ಕೈ ಕಟ್ಟಿಕೊಂಡು ಬರೀ ಹೊಲ ನೋಡುತ್ತ ನಿಂತಿದ್ದರು. ನಾನು ಹತ್ತಿದ ಸಪ್ಪಳ ಕೇಳಿದ ಮೇಲೆ ಪ್ಯಾಂಟು ಸರಿಮಾಡಿಕೊಂಡಂತೆ ಮಾಡಿ ಬಂದು ಕೂತರು.

ಅಂದಿನಿಂದ ದಿನಕ್ಕೆ ಎರಡು ಸಲ, ಕೆಲವು ದಿನ ಮೂರು ಸಲ ಅವರಿಗೆ ಮೂತ್ರ ಬರತೊಡಗಿತು. ಕನ್ನಡಿಯಲ್ಲಿ ನನ್ನ ಮುಖ ನೋಡಿ ನಿರ್ಧರಿಸುತ್ತಿದ್ದರು. ನಾವಿಬ್ಬರೂ ಈ ವಿಷಯ ಒಂದು ದಿನವೂ ಮಾತಾಡಲಿಲ್ಲ.

ಸಕ್ಕರೆ ಕಾಯಿಲೆ ಸುಲಭದ್ದೇನೂ ಆಗಿರಲಿಲ್ಲ. ಸಿಂದಗಿ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಅವರು ಮೊದಲಿನಿಂದಲೂ ಎರಡು ಚಮಚ ಹೆಚ್ಚು ಸಕ್ಕರೆ ಹಾಕಿಸಿಕೊಳ್ಳುವವರು. ಈಗ ನಮ್ಮ ಪ್ರಯಾಣಿಕರು ಸುತ್ತ ನಿಂತಿರುತ್ತಿದ್ದರಿಂದ ಸಪ್ಪೆ ಚಹಾ ಕುಡಿಯಬೇಕಾಯಿತು. ಜನ ಔಷಧ ಹೇಳತೊಡಗಿದರು. ಮೆಂತ್ಯೆ ನೆನೆಸಿದ ನೀರು, ಬೇವಿನ ಚಿಗುರು. ಹಳ್ಳಿಯ ಮುದುಕಿಯೊಬ್ಬಳು ವಾರಕ್ಕೊಮ್ಮೆ ಹಾಗಲಕಾಯಿ ರಸ ಬಾಟಲಿಯಲ್ಲಿ ತಂದು, ಮುಂದಿನ ಸೀಟಿನಲ್ಲಿ ಕೂತು, ಅವರು ಪೂರ್ತಿ ಕುಡಿಯುವವರೆಗೂ ಕಣ್ಣು ತೆಗೆಯುತ್ತಿರಲಿಲ್ಲ. "ಹೆಂಗೈತಿ?" ಎಂದು ಕೇಳುತ್ತಿದ್ದಳು. "ಕಡಿಮಿ ಆಗಾಕತ್ತೈತಿ, ಯವ್ವಾ," ಎನ್ನುತ್ತಿದ್ದರು ಮುಖ ಕಿವುಚಿಕೊಂಡು. ಶಾಲೆಗೆ ಹೋಗುವ ಹುಡುಗಿಯರು ಅವರಿಗೆ ಉಚ್ಚಿ ಡ್ರೈವರ್ ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿತ್ತು. ಗಡಿಯಾರದಂಥ ಮನುಷ್ಯನಿಗೆ ಇಂಥ ಹೆಸರು. ನಾನು ಟಿಕೆಟ್ ಮಷಿನ್ ನೋಡುತ್ತ ನಿಂತೆ.

ಇಷ್ಟರಲ್ಲಿ ನಾನು ನಮಾಜು ಬಿಟ್ಟು ಐದಾರು ತಿಂಗಳಾಗಿತ್ತು. ನಮಾಜಿಗೆ ಮೊದಲು ಕೈ, ಮುಖ, ಕಾಲು ತೊಳೆದು ವಜೂ ಮಾಡಬೇಕು. ಮೈಯಿಂದ ಏನಾದರೂ ಹೊರಬಂದರೆ ವಜೂ ಮುರಿಯುತ್ತದೆ. ನನ್ನದು ಚಾಪೆ ಹಾಸುವುದರೊಳಗೇ ಮುರಿಯುತ್ತಿತ್ತು. ದೇವರ ಮುಂದೆ ಹೊಲಸು ಮೈಯಲ್ಲಿ ನಿಲ್ಲುವುದಕ್ಕಿಂತ ನಿಲ್ಲದಿರುವುದೇ ವಾಸಿ ಎಂದುಕೊಂಡಿದ್ದೆ. ಒಂದು ಶುಕ್ರವಾರ ಮಧ್ಯಾಹ್ನ ರಜೆ ಇತ್ತು. ನಮ್ಮ ಅತ್ತೆ ನಮಾಜು ಮುಗಿಸಿ ಚಾಪೆ ಸುತ್ತುತ್ತ ಕೇಳಿದರು.

"ನಮಾಜ ಯಾಕ ಬಿಟ್ಟಿ?"

"ವಜೂ ನಿಲ್ಲವಲ್ದು, ಅತ್ತಿ."

"ಯಾವದರಿಂದ? ಮುಂದಿಂದೋ, ಹಿಂದಿಂದೋ?"

ಡಾಕ್ಟರೂ ಕೇಳದ ಪ್ರಶ್ನೆ. "ಎರಡೂ," ಎಂದೆ.

ಅತ್ತೆ ಚಾಪೆಯನ್ನು ಮೂಲೆಗಿಟ್ಟು ಬಂದು ಕೂತರು. "ನಿನ್ನ ಗಂಡನ್ನ ಹಡದಾಗಿಂದ ನಂದೂ ಹಂಗ. ಕೆಮ್ಮಿದ್ರ ಬರತೈತಿ, ಸೀನಿದ್ರ ಬರತೈತಿ. ನಕ್ಕರಂತೂ ಮುಗೀತು. ಅದಕ್ಕ ನಾ ನಗೂದ ಬಿಟ್ಟೇನಿ."

ಮದುವೆಯಾಗಿ ಹದಿನಾಲ್ಕು ವರ್ಷ ಈ ಹೆಂಗಸಿಗೆ ನಾನು ಸೇರುವುದಿಲ್ಲ ಎಂದುಕೊಂಡಿದ್ದೆ. ಯಾಕೆಂದರೆ ನನ್ನ ಯಾವ ಮಾತಿಗೂ ಅವರು ನಕ್ಕಿರಲಿಲ್ಲ.

"ಹಂಗಾದ್ರ ನಮಾಜ ಹೆಂಗ ಮಾಡ್ತೀರಿ?"

"ಮಸೀದಿ ಹಜರತರ ಹೆಂಡತಿನ್ನ ಕೇಳಿದ್ದೆ, ಆಗಿನ ಕಾಲಕ್ಕ. ತಡಿಯಾಕ ಆಗದವರಿಗೆ ವಿನಾಯಿತಿ ಐತಂತ. ಒಂದ ಹೊತ್ತಿಗೆ ಒಂದ ವಜೂ. ಆ ಹೊತ್ತು ಮುಗಿಯೋತನಕ ನಡುವ ಆ ಬ್ಯಾನಿಯಿಂದ ಏನ ಬಂದ್ರೂ ವಜೂ ಮುರಿಯಂಗಿಲ್ಲ. ಅರಿವಿ ಬದಲಿ ಮಾಡ್ಕೋ, ನಿಂದ್ರು, ನಮಾಜ ಮಾಡು. ನೀನೇನ ಮೊದಲನೇದಾಕಿ ಅಲ್ಲ."

ಆ ಸಂಜೆ ನಾನು ಅವರ ಪಕ್ಕ ನಿಂತು ನಮಾಜು ಮಾಡಿದೆ. ನಡುವೆ ಒಂದಿಷ್ಟು ಸೋರಿತು. ಪೂರ್ತಿ ಮಾಡಿದೆ. ಕೊನೆಯಲ್ಲಿ ಅಳು ಬಂತು. ಅತ್ತೆ ಅದನ್ನು ನೋಡಿದರೂ ಮೊದಲು ತಮ್ಮ ಜಪಮಾಲೆ ಮುಗಿಸಿ, ಆಮೇಲೆ, "ಅಳೂದಕ್ಕ ವಜೂ ಮುರಿಯಂಗಿಲ್ಲ," ಎಂದರು.

ಡ್ರೈವರ್ ಅಣ್ಣನ ಮೇಲೆ ದೂರು ಬಂದದ್ದು ಅದಾದ ಮುಂದಿನ ತಿಂಗಳು. ದಿನಾ ನಮ್ಮ ಬಸ್ಸಿಗೆ ಬರುವ ಒಬ್ಬ ನೌಕರ, ಬಸ್ಸು ಎಲ್ಲೆಲ್ಲಿ ಎಷ್ಟೆಷ್ಟು ನಿಮಿಷ ನಿಂತಿತು ಎಂದು ಮೂರು ವಾರ ಬರೆದಿಟ್ಟು ಡಿಪೋಕ್ಕೆ ಕಳಿಸಿದ್ದ. ಅವನದೂ ತಪ್ಪಲ್ಲ, ಅವನಿಗೆ ಕಚೇರಿಯಲ್ಲಿ ಬೈಗುಳ ಬೀಳುತ್ತಿತ್ತು. ಡಿಪೋ ಮ್ಯಾನೇಜರು ಡ್ರೈವರ್ ಅಣ್ಣನನ್ನು ತಪಾಸಣೆಗೆ ಕಳಿಸಿದರು. ಖಾಲಿ ಹೊಟ್ಟೆಯಲ್ಲೂ ಸಕ್ಕರೆ ಸರಿ ಇತ್ತು, ಉಂಡ ಮೇಲೂ ಸರಿ ಇತ್ತು. ಹಾಗಲಕಾಯಿ ರಸದ ಪುಣ್ಯವೋ ಏನೋ, ವಯಸ್ಸಿಗೆ ಮೀರಿ ಚೆನ್ನಾಗಿತ್ತು.

"ರೋಗ ಇಲ್ಲ. ಮತ್ತ ಯಾಕ ನಿಲ್ಲಸ್ತೀರಿ?" ಎಂದು ಮ್ಯಾನೇಜರು ಕೇಳಿದರಂತೆ. "ಚಟಾ ಬಿದ್ದೈತ್ರಿ" ಎಂದರಂತೆ ಇವರು. ಮೂತ್ರ ಮಾಡುವುದು ಚಟ ಎಂದು ಒಪ್ಪಿಕೊಂಡ ಮೊದಲ ನೌಕರ ಇವರೇ ಇರಬೇಕು. ಸುಳ್ಳು ಹೇಳಿದ್ದಕ್ಕೆ, ಬಸ್ಸು ತಡ ಮಾಡಿದ್ದಕ್ಕೆ ನೋಟಿಸು ಕೊಟ್ಟರು. ವಿಚಾರಣೆಯಲ್ಲಿ ತಪ್ಪೆಂದು ತೀರ್ಮಾನವಾದರೆ ಕೆಲಸಕ್ಕೇ ಕುತ್ತು. ನಿವೃತ್ತಿಗೆ ಎರಡು ವರ್ಷ ಇತ್ತು. ನನಗೆ ಅವರು ಹೇಳಲೇ ಇಲ್ಲ. ಡಿಪೋ ಗುಮಾಸ್ತೆಯಿಂದ ನನಗೆ ಗೊತ್ತಾಯಿತು.

ಮರುದಿನ ಮ್ಯಾನೇಜರ ಕೋಣೆಗೆ ಹೋಗುವ ಮೊದಲು ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದೆ. ಹೆದರಿಕೆಗಲ್ಲ, ಶಬ್ದ ಸಿಗುತ್ತಿರಲಿಲ್ಲ. ಮಲ ಎಂದರೆ ಪಾಠದ ಪುಸ್ತಕ ಓದಿದಂತೆ. ಮನೆಯಲ್ಲಿ ಆಡುವ ಶಬ್ದವನ್ನು ಮ್ಯಾನೇಜರ ಮುಂದೆ ಆಡುವಂತಿಲ್ಲ. ಹೊರಕಡೆ ಎಂದರೆ ಅವರು ಮುಟ್ಟು ಎಂದು ತಿಳಿಯಬಹುದು. ಕೊನೆಗೆ ಒಳಗೆ ಹೋಗಿ, ಬಾಗಿಲು ಹಾಕಿ ಹೇಳಿದೆ.

"ಸರ್, ಬಸ್ಸು ನಿಲ್ಲಸ್ತಿದ್ದುದು ನನ್ನ ಸಲುವಾಗಿ. ನನಗ ಸಂಡಾಸ, ಮೂತ್ರ ಎರಡೂ ತಡಿಯಾಕ ಆಗಂಗಿಲ್ರಿ. ಬಸ್ಸಿನ್ಯಾಗ ಆಗಿಬಿಡತೈತಿ. ಒಮ್ಮೆ ಆಗೈತಿ. ಅವರು ನನ್ನ ಮರ್ಯಾದಿ ಉಳಸಾಕ ತಮ್ಮ ಹೆಸರ ಕೆಡಿಸಿಕೊಂಡಾರ."

ಮ್ಯಾನೇಜರು ಮೇಜಿನ ಮೇಲಿದ್ದ ಕಡತ ತೆರೆದರು, ಮುಚ್ಚಿದರು, ಇನ್ನೊಂದು ತೆರೆದರು. ಫ್ಯಾನಿನ ಕಡೆ ನೋಡಿದರು. ನಾಚಿಕೆಯೆಲ್ಲ ಅವರ ಕಡೆ ಹೋಗಿಬಿಟ್ಟಿತ್ತು. ನನಗೆ ಆಶ್ಚರ್ಯವಾಗುವಷ್ಟು ಹಗುರಾಗಿತ್ತು.

"ಇದು... ಗುಣ ಆಗತೈತೇನ್ರಿ?"

"ಇಲ್ರಿ."

"ಹಂಗಾದ್ರ, ಅಂದಾಜ ಯಾವಾಗ ಗುಣ ಆಗಬಹುದು?"

"ಇಲ್ರಿ, ಸರ್."

"ಡಾಕ್ಟರ ಕಡಿಂದ ಒಂದ ಪತ್ರ ತಗೊಂಡ ಬರ್ರಿ," ಎಂದರು. "ಎಲ್ಲಾ ಬರಿಸಿಕೊಂಡು ಬರ್ರಿ. ನನಗ ಹೇಳೂದ ಬ್ಯಾಡ." ಹೊರಗೆ ಬರುವಾಗ ಹಿಂದಿನಿಂದ, "ಹೋಗೂ ಮುಂದ ನೀರ ಕುಡದ ಹೋಗ್ರಿ," ಎಂದರು. ನಾನು ಕುಡಿಯಲಿಲ್ಲ.

ಡ್ರೈವರ್ ಅಣ್ಣನಿಗೆ ಸಂಜೆಯೊಳಗೆ ಸುದ್ದಿ ಮುಟ್ಟಿತು. ಬಸ್ಸಿನ ಪಕ್ಕ ನಿಂತು ಟಯರು ಒದ್ದು ನೋಡುತ್ತಿದ್ದವರು, "ಯಾಕ ಹೇಳಿದಿ, ತಂಗಿ? ಇನ್ನೆರಡ ವರ್ಷ ನಾ ನಡಸ್ತಿದ್ದೆ," ಎಂದರು. ನಾನು ಏನಾದರೂ ಹೇಳುವ ಮೊದಲೇ ಇನ್ನೊಂದು ಟಯರಿನ ಕಡೆ ಹೋದರು.

ಮನೆಯವರು ನಾಲ್ಕು ದಿನ ಮಾತಾಡಲಿಲ್ಲ. ಯಾರ ಮುಂದೂ ಹೇಳಬೇಡ ಎಂದಿದ್ದನ್ನು ಇಡೀ ಡಿಪೋದ ಮುಂದೆ ಹೇಳಿದ್ದೆ. ಐದನೆಯ ದಿನ ಅಂಗಡಿಯಿಂದ ಒಂದು ಚೀಲ ತಂದು ನನ್ನ ಮುಂದಿಟ್ಟರು. ಒಳಗೆ ಹತ್ತಿ ತುಂಬಿ, ಹಳೆ ಪಂಚೆಯ ಬಟ್ಟೆಯಲ್ಲಿ ಹೊಲಿದ ಒಂದು ಡಜನ್ ಪ್ಯಾಡುಗಳು. ಹೊಲಿಗೆ ಬಹಳ ಅಚ್ಚುಕಟ್ಟು. ದಪ್ಪ ಮಾತ್ರ ಗಾದಿಯಷ್ಟೇ ಇತ್ತು. ಅದನ್ನು ಹಾಕಿಕೊಂಡು ಕೂತರೆ ನಾನು ನಾಲ್ಕು ಬೆರಳು ಎತ್ತರ ಕಾಣುತ್ತಿದ್ದೆ. "ಹತ್ತಿ ಕಡಿಮಿ ಹಾಕ್ರಿ," ಎಂದೆ. ನಮ್ಮಿಬ್ಬರ ನಡುವೆ ಈ ವಿಷಯದ ಬಗ್ಗೆ ನಡೆದ ಮೊದಲ ಸರಿಯಾದ ಮಾತುಕತೆ ಅದು.

ಪತ್ರ ಬೇಕಿದ್ದರಿಂದ ಡಾಕ್ಟರಿಗೂ ಹೇಳಲೇಬೇಕಾಯಿತು. ಅವರು ಎಂದಿನಂತೆ ಬೆರಳು, ದಮ್ಮು, ನುಂಗುವುದು ಎಂದು ಕೇಳಿ ಚೀಟಿಗೆ ಕೈ ಹಾಕಿದಾಗ, "ಇನ್ನೂ ಐತ್ರಿ," ಎಂದೆ. ಎಲ್ಲ ಹೇಳಿದೆ.

"ಎಷ್ಟು ದಿನದಿಂದ?"

"ಎರಡು ವರ್ಷ ಆತ್ರಿ."

ಅವರು ಪೆನ್ನು ಕೆಳಗಿಟ್ಟರು. "ನಾನು ಕೇಳಬೇಕಾಗಿತ್ತು," ಎಂದರು. ಆಮೇಲೆ ಒಂದು ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ಕೈಯ ಚರ್ಮಕ್ಕೆ ಆದದ್ದೇ ಕರುಳಿಗೂ ಆಗಿದೆಯಂತೆ. ಕರುಳು ಸಾವಕಾಶ ಆದದ್ದರಿಂದ ಆಹಾರ ನಿಂತು, ಅಲ್ಲಿ ಬ್ಯಾಕ್ಟೀರಿಯಾ ಬೆಳೆದು ಉಬ್ಬರ, ಭೇದಿ. ಕೆಳಗೆ ಬಾಗಿಲು ಬಿಗಿ ಹಿಡಿಯುವ ಸ್ನಾಯು ಸೋತಿದೆ. ಮೂತ್ರದ ಚೀಲಕ್ಕೂ ಇದರ ಬಿಸಿ ತಟ್ಟಬಹುದು, ಆದರೆ ಸೋಂಕು ಇದೆಯೇ ಎಂದು ಮೊದಲು ನೋಡಬೇಕು. ನಾನು ಇಷ್ಟು ದಿನ ಅದನ್ನು ನನ್ನದೊಂದು ಬೇರೆ ಕೆಟ್ಟ ಗುಣ ಎಂದುಕೊಂಡಿದ್ದೆ. ಅದು ಬೆರಳು ಬೆಳ್ಳಗಾಗುವುದರ ಹಾಗೆ ರೋಗದ್ದೇ ಒಂದು ಭಾಗವಾಗಿತ್ತು.

ಕೆಲವು ದಿನ ಬ್ಯಾಕ್ಟೀರಿಯಾ ತಗ್ಗಿಸುವ ಗುಳಿಗೆ ಕೊಟ್ಟರು. ಆ ಸ್ನಾಯುವನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮವನ್ನು ಅವರ ಆಸ್ಪತ್ರೆಯ ಒಬ್ಬ ಹೆಣ್ಣುಮಗಳು ಕಲಿಸಿಕೊಟ್ಟಳು. ಯಾರಿಗೂ ಕಾಣದ ವ್ಯಾಯಾಮವಾದ್ದರಿಂದ ಸಿಂದಗಿಯಿಂದ ದೇವರಹಿಪ್ಪರಗಿಯವರೆಗೆ ಟಿಕೆಟ್ ಕೊಡುತ್ತಲೇ ಮಾಡುತ್ತಿದ್ದೆ. ಅರ್ಧಕ್ಕರ್ಧ ಕಡಿಮೆಯಾಯಿತು. ಮೂತ್ರದಲ್ಲಿ ಸೋಂಕೂ ಇತ್ತು, ಅದಕ್ಕೆ ಎರಡು ಸುತ್ತು ಗುಳಿಗೆ ನುಂಗಿದ ಮೇಲೆ ಆ ಅವಸರವೂ ಸ್ವಲ್ಪ ಇಳಿಯಿತು. ಪೂರ್ತಿ ಹೋಗಲಿಲ್ಲ.

ಪತ್ರ ಡಿಪೋ ಮುಟ್ಟಿದ ಮೇಲೆ ಡ್ರೈವರ್ ಅಣ್ಣನಿಗೆ ಬರೀ ಎಚ್ಚರಿಕೆ ಕೊಟ್ಟು ಪ್ರಕರಣ ಮುಗಿಸಿದರು. ನನ್ನನ್ನು ಬಸ್ಸಿನಿಂದ ಇಳಿಸಿ ಇಂಡಿ ಸ್ಟ್ಯಾಂಡಿನಲ್ಲಿ ಬಸ್ಸುಗಳ ವೇಳೆ ಬರೆದುಕೊಳ್ಳುವ, ಮೈಕಿನಲ್ಲಿ ಕೂಗುವ ಕೆಲಸಕ್ಕೆ ಹಾಕಿದರು. ಅಣ್ಣ ಕಳೆದ ವರ್ಷ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮಾತಾಡಿ ಎಂದು ಮೈಕು ಕೊಟ್ಟರೆ, "ನಮಸ್ಕಾರ್ರಿ," ಎಂದು ಕೂತುಬಿಟ್ಟರು. ನಾನೂ ನಮಸ್ಕಾರ ಎಂದೆ.

ಈಗಲೂ ಕೆಟ್ಟ ದಿನಗಳು ಬರುತ್ತವೆ. ಈಚೆಗೆ ದಮ್ಮೂ ಹತ್ತುತ್ತಿದೆ, ಅದಕ್ಕೆ ಬೇರೆ ಔಷಧ ಶುರುವಾಗಿದೆ. ಹೋದ ತಿಂಗಳು ವಿಜಯಪುರಕ್ಕೆ ತೋರಿಸಲು ಹೋಗಿದ್ದೆ. ನನಗಿಂತ ಮೊದಲಿನ ಪಾಳಿಯ ಹೆಂಗಸು ಒಳಗಿನಿಂದ ಬಂದು ನನ್ನ ಪಕ್ಕ ಧಪ್ಪನೆ ಕೂತಳು. ನಾಲತವಾಡದ ಕಡೆಯವಳಂತೆ. ನನ್ನಂತೆಯೇ ಬಿಗಿದ ಮುಖ, ಸಣ್ಣ ಬಾಯಿ. ಮುಖ ಕೆಂಪಾಗಿತ್ತು.

"ಏನೇನ ಕೇಳ್ತಾರ್ರೀ ಈ ಡಾಕ್ಟರು!" ಎಂದಳು. "ಸಂಡಾಸ ತಡೀತೈತೇನು, ಮೂತ್ರ ತಡೀತೈತೇನು ಅಂತ. ಗಂಡಸರಾಗಿ!"

"ನೀವ ಏನಂದ್ರಿ?"

"ತಡೀತೈತಿ ಅಂದೆ. ಮತ್ತೇನ ಅನ್ಲಿ?"

ಸ್ವಲ್ಪ ಹೊತ್ತಿನ ಮೇಲೆ ಅವಳು ಚೀಲ ತೊಡೆಯ ಮೇಲೆ ಎಳೆದುಕೊಂಡು, ದನಿ ತಗ್ಗಿಸಿ, "ಇಲ್ಲಿ ಸಂಡಾಸ ಎಲ್ಲೈತ್ರಿ, ಅಕ್ಕಾರ?" ಎಂದು ಕೇಳಿದಳು.

ನಾನು ತೋರಿಸಿದೆ. ಅವಳು ವಾಪಸ್ ಬರುವವರೆಗೆ ಅವಳ ಚೀಲ ಹಿಡಿದುಕೊಂಡು ಕೂತೆ. ಬಂದ ಮೇಲೆ, ನನ್ನ ಪಾಳಿ ಬಂತು ಎಂದು ಕರೆದಾಗ, "ನಡೀರಿ," ಎಂದು ಅವಳನ್ನೂ ಕರೆದುಕೊಂಡು ಒಳಗೆ ಹೋದೆ.